ಬ್ಯಾಟರಿ ಕೋಣೆ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಬೆನಕಪ್ಪನವರ ಮನೆಯ ಮುಂದಿನ ಕೋಣೆಯೇ ಅವರ ಬ್ಯಾಟರಿ ಅಂಗಡಿ. ಲಾರಿಯದಾಗಲಿ ಟ್ರ್ಯಾಕ್ಟರಿನದಾಗಲಿ, ಬ್ಯಾಟರಿ ಇಳಿದುಹೋದರೆ ಸುತ್ತಲಿನವರು ಅಲ್ಲಿಗೇ ಹೊತ್ತು ತರುತ್ತಿದ್ದರು. ಬೆನಕಪ್ಪನವರು ಮೇಲಿನ ಆರು ಮುಚ್ಚಳಗಳನ್ನೂ ಬಿಚ್ಚಿ, ಒಳಗೆ ಇಣುಕಿ, ಕಡಿಮೆಯಿದ್ದರೆ ನೀರು ತುಂಬಿ, ಕ್ಲಿಪ್ಪು ಕಚ್ಚಿಸಿ, "ನಾಳೆ ಇಷ್ಟೊತ್ತಿಗೆ ಬಾ" ಅನ್ನುತ್ತಿದ್ದರು. ಮದುವೆ ದಿಬ್ಬಣದ ವ್ಯಾನು ದಾರಿಯಲ್ಲಿ ನಿಂತಿದೆ ಅಂದರೂ ಅದೇ ಮಾತು.

"ಎಳೇ ಮಗೀಗೆ ಹಾಲು ಕುಡ್ಸೋದು ಹೆಂಗೆ? ಗುಟುಕು ಗುಟುಕು. ಇದಕ್ಕೂ ಹಂಗೇ ಕಣಪ್ಪ."

ಮಾರನೆಯ ದಿನ ಗಿರಾಕಿ ಬಂದ ಮೇಲೆ ಬ್ಯಾಟರಿಯನ್ನು ಜಗಲಿಗೆ ತಂದಿಟ್ಟು, ಎಲೆ ಅಡಿಕೆ ಹಾಕಿಕೊಂಡು, ಸ್ವಲ್ಪ ಹೊತ್ತು ಕೂತು, ಆಮೇಲೆ ದಪ್ಪ ತಂತಿಯ ತುಂಡೊಂದನ್ನು ಅದರ ಎರಡೂ ತುದಿಗೆ ತಾಕಿಸಿ ಚಟ್ಟನೆ ಕಿಡಿ ಹಾರಿಸುತ್ತಿದ್ದರು. ಆ ಕಿಡಿ ನೋಡದೆ ಯಾರೂ ಬ್ಯಾಟರಿ ಎತ್ತುತ್ತಿರಲಿಲ್ಲ. ಇಪ್ಪತ್ತು ವರ್ಷ ಹೀಗೇ ನಡೆದಿತ್ತು.

ಎಂಬತ್ತೈದರ ಸೆಪ್ಟೆಂಬರಿನಲ್ಲಿ ಕರೆಂಟು ದಿನಕ್ಕೆ ಆರೇಳು ಗಂಟೆ ಇದ್ದರೆ ಹೆಚ್ಚು ಎನ್ನುವಂತಾಯಿತು. ಒಂದು ಹಗಲು ಒಂದು ರಾತ್ರಿಯ ಕೆಲಸ ನಾಲ್ಕು ದಿನಕ್ಕೆ ಎಳೆಯಿತು. ಅದು ಈರುಳ್ಳಿ ಕೀಳುವ ಕಾಲ. ಮೂಟೆ ಹೇರಿದ ಲಾರಿ ನಿಂತಲ್ಲೇ ನಿಂತರೆ ಈರುಳ್ಳಿ ಬೆವೆತು ಕೊಳೆಯುತ್ತದೆ. ತರೀಕೆರೆಯ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಹೊಸಬ ಮೂರೇ ಗಂಟೆಯಲ್ಲಿ ಚಾರ್ಜು ಮಾಡಿ ಕೊಡುತ್ತಾನಂತೆ ಎಂಬ ಸುದ್ದಿ ಬಂತು. ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಹೊರಟರು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ಶಿವಮೂರ್ತಿ ವಿಷಯ ಎತ್ತಿದ.

"ದಾವಣಗೆರೇಲಿ ದೊಡ್ಡ ಚಾರ್ಜರ್ ನೋಡ್ಕೊಂಡು ಬಂದಿದೀನಿ ಅಪ್ಪ. ಎಂಟು ಪಾಯಿಂಟಿಂದು. ಕರೆಂಟ್ ಇರೋ ಮೂರು ಗಂಟೇಲೇ ಲಾರಿ ಬ್ಯಾಟರಿ ತುಂಬುತ್ತೆ."

ಬೆನಕಪ್ಪನವರು ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. "ತುಂಬುತ್ತೆ. ನಿಲ್ಲಲ್ಲ."

"ನಿಲ್ಲದಿದ್ರೆ ತರೀಕೆರೆಯೋನಿಗೆ ಯಾಕೆ ಹೋಗ್ತಾರೆ?"

"ಒಲೆ ತುಂಬ ಸೌದೆ ತುರುಕಿದ್ರೆ ಅನ್ನ ಬೇಗ ಆಗುತ್ತೇನಲೇ? ತಳ ಹತ್ತುತ್ತೆ."

"ನಿಮ್ಮ ಅನ್ನ ಬೇಯೋ ಹೊತ್ತಿಗೆ ಉಣ್ಣೋರು ಎದ್ದು ಹೋಗಿರ್ತಾರೆ."

ತೀರ್ಥಮ್ಮ ಮಗನ ತಟ್ಟೆಗೆ ಸಾರು ಬಿಟ್ಟರು. "ತರ್ಲಿ ಬಿಡ್ರೀ. ಹುಡುಗ್ರ ಕಾಲ ಇದು. ನಿಮ್ಮದು ಎಲ್ಲಾದ್ರಲ್ಲೂ ಒಂದಿನ ಒಂದ್ರಾತ್ರಿ. ನನ್ನ ನೋಡೋಕೆ ಬಂದಾಗ ಒಪ್ಪಿಗೆ ಹೇಳೋಕೂ ಅಷ್ಟೇ ಹೊತ್ತು ತಗೊಂಡ್ರಿ."

ಬೆನಕಪ್ಪನವರು ನಕ್ಕುಬಿಟ್ಟರು. ಮುಂದಿನ ವಾರ ಚಾರ್ಜರ್ ಬಂತು.

ಸೊಸೆ ಪ್ರೇಮ ಕಡೂರಿನವಳು. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷವೇ ಮದುವೆಯಾಗಿ ಈ ಮನೆಗೆ ಬಂದಿದ್ದಳು. ನಾಲ್ಕು ವರ್ಷದ ಮಗಳು ನೀಲ ಮಲಗುವ ಹಾಸಿಗೆಗೂ ಬ್ಯಾಟರಿ ಕೋಣೆಗೂ ನಡುವೆ ಒಂದೇ ಗೋಡೆ. ಹಳೆಯ ಚಾರ್ಜರ್ ಇದ್ದಾಗ ಆ ಗೋಡೆಯಿಂದ ಸದ್ದೇ ಬರುತ್ತಿರಲಿಲ್ಲ. ಈಗ ಶಿವಮೂರ್ತಿ ಹೊಸ ಚಾರ್ಜರಿನ ತಿರುಗಣಿಯನ್ನು ಎಂಟನೆಯ ಪಾಯಿಂಟಿಗೆ ತಂದರೆ, ಸ್ವಲ್ಪ ಹೊತ್ತಿನಲ್ಲಿ ಬ್ಯಾಟರಿಗಳು ಬುಸುಗುಡಲು ಶುರುವಾಗುತ್ತಿದ್ದವು. ಆಸಿಡ್ಡು ಕುದಿದು ಹನಿ ಹನಿಯಾಗಿ ಹೊರಗೆ ಸಿಡಿಯುತ್ತಿತ್ತು. ಕೋಣೆಯ ಕಿಟಕಿಗೆ ಅಡ್ಡವಾಗಿ ಹಳೆಯ ಬ್ಯಾಟರಿಗಳನ್ನು ಪೇರಿಸಿದ್ದರಿಂದ ಅದನ್ನು ತೆಗೆಯುವ ಹಾಗಿರಲಿಲ್ಲ. ಸಂಜೆ ಒಣಗಿದ ಬಟ್ಟೆ ಮಡಚುವಾಗ ನೀಲಳ ಲಂಗದಲ್ಲಿ ಸಾಸಿವೆಯಷ್ಟು ತೂತುಗಳು ಕಂಡವು. ಪ್ರೇಮ ಅವನ್ನು ಎಣಿಸಿದಳು. ಒಂಬತ್ತಿದ್ದವು. ಮಗು ಕೋಣೆಯೊಳಗೆ ಎಷ್ಟು ಹೊತ್ತು ನಿಂತಿತ್ತು, ಮುಖ ಎಷ್ಟು ಹತ್ತಿರವಿತ್ತು ಎಂದು ಲೆಕ್ಕ ಹಾಕಿದಳು.

ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ನಳಿಗೆಯ ಬಾಯಿಗೆ ಉರಿಯುವ ಕಡ್ಡಿ ಹಿಡಿದು, ಒಳಗಿನ ಗಾಳಿ ಟಪ್ಪೆಂದು ಹೊತ್ತಿದಾಗ ಹುಡುಗಿಯರೆಲ್ಲ ನಕ್ಕಿದ್ದು ಅವಳಿಗೆ ನೆನಪಿತ್ತು. ಬ್ಯಾಟರಿ ಕುದಿದಾಗ ಏಳುವುದೂ ಅದೇ ಗಾಳಿ. ನಳಿಗೆ ಬೆರಳಿನಷ್ಟಿತ್ತು. ಇದು ಇಡೀ ಕೋಣೆ.

"ರೀ, ಕುದಿಯೋವಾಗ ಅದರಿಂದ ಗಾಳಿ ಬರುತ್ತೆ. ಬೆಂಕಿ ತಾಗಿದ್ರೆ..."

"ತಾಗಿದ್ರೆ?"

"ಏನಾದ್ರೂ ಆಗಬಹುದು."

"ಬೀಡಿ ಸೇದಬಾರದು ಅಂತ ಬೋರ್ಡ್ ಬರ್ಸಿ ಹಾಕಿದೀನಲ್ಲೇ. ನಿಂಗೆ ನೀರು ಕಾದ್ರೂ ಭಯ, ಆರಿದ್ರೂ ಭಯ."

ಸಿಡಿಯುತ್ತದೆ ಎಂಬ ಮಾತು ಅವಳ ನಾಲಿಗೆಯವರೆಗೂ ಬಂದಿತ್ತು. ಖಚಿತವಾಗಿ ಗೊತ್ತಿಲ್ಲದ್ದನ್ನು ಹೇಳಬಾರದು ಎಂದು ನುಂಗಿಕೊಂಡಳು.

ತೀರ್ಥಮ್ಮನ ತೊಂದರೆ ಬೇರೆ. ಆ ಘಾಟು ಅಡುಗೆಮನೆಯವರೆಗೂ ಬಂದು ಅವರಿಗೆ ಕೆಮ್ಮು ಹಿಡಿಯಿತು. ರೊಟ್ಟಿ ತಟ್ಟುವಾಗ ಕಣ್ಣಲ್ಲಿ ನೀರು. "ಗಂಡಸ್ರಿಗೆ ಇಷ್ಟೂ ತಿಳಿಯಲ್ಲ. ಕುದಿಯೋದನ್ನ ಯಾರಾದ್ರೂ ಬಾಯಿ ತೆಗೆದಿಡ್ತಾರಾ?" ಎಂದು ಗೊಣಗಿ, ಶಿವಮೂರ್ತಿ ಇಲ್ಲದ ಹೊತ್ತು ನೋಡಿ, ಬ್ಯಾಟರಿಯ ಆರು ಮುಚ್ಚಳಗಳನ್ನೂ ಬಿಗಿಯಾಗಿ ತಿರುಗಿಸಿ, ಮೇಲೊಂದು ಒದ್ದೆ ಗೋಣಿಚೀಲ ಹೊದಿಸಿ ಬರುತ್ತಿದ್ದರು. ಘಾಟು ನಿಜಕ್ಕೂ ಕಡಿಮೆಯಾಗುತ್ತಿತ್ತು. ಶಿವಮೂರ್ತಿ ಬಂದು ನೋಡಿ ಅದನ್ನು ಕಿತ್ತೆಸೆಯುತ್ತಿದ್ದ. ಅವನು ಮತ್ತೆ ಹೊರಗೆ ಹೋದರೆ ಗೋಣಿ ಮತ್ತೆ ಮೇಲೇರುತ್ತಿತ್ತು.

ಅಕ್ಟೋಬರಿನ ಒಂದು ಗುರುವಾರ ಹನ್ನೊಂದು ಗಂಟೆಗೆ ಮುದ್ದಪ್ಪ ಬಂದ. ಎರಡು ಲಾರಿ ಇಟ್ಟುಕೊಂಡಿದ್ದ ಹಳೆಯ ಗಿರಾಕಿ. ಬೆಳಗ್ಗೆ ಎಂಟಕ್ಕೆ ಕೊಟ್ಟುಹೋದ ಬ್ಯಾಟರಿ ಕೋಣೆಯಲ್ಲಿ ಗೋಣಿಯಡಿಯಲ್ಲಿ ಬುಸುಗುಡುತ್ತಿತ್ತು. ಶಿವಮೂರ್ತಿ ಬೀರೂರಿನ ಬಸ್ಸಿನಲ್ಲಿ ಬಂದ ಬ್ಯಾಟರಿ ನೀರಿನ ಕ್ಯಾನು ತರಲು ಹೋಗಿದ್ದ. ಜಗಲಿಯಲ್ಲಿ ಕೂತಿದ್ದ ಬೆನಕಪ್ಪನವರು ಎದ್ದರು.

"ಆಯ್ತೇನ್ರೀ ಯಜಮಾನ್ರೇ? ಲಾರಿ ತುಂಬಿ ನಿಂತೈತೆ."

"ನನ್ನ ಕೇಳ್ಬೇಡ. ಇದು ನನ್ನ ಚಾರ್ಜ್ ಅಲ್ಲ. ಮಗರಾಯಂದು, ಮೂರು ಗಂಟೇದು."

"ಯಾರದಾದ್ರೂ ಆಗ್ಲಿ, ಕಿಡಿ ತೋರ್ಸಿ, ಎತ್ಕೊಂಡು ಹೋಗ್ತೀನಿ."

"ಕಿಡಿ? ಇದರಾಗೆ? ಬಾ ಇಲ್ಲಿ, ತೋರಿಸ್ತೀನಿ. ಮಿಣುಕುಹುಳದಷ್ಟೂ ಬರಲ್ಲ ನೋಡು."

ಪ್ರೇಮ ಅಡುಗೆಮನೆಯ ಬಾಗಿಲಲ್ಲಿದ್ದಳು. ಕೈಯಲ್ಲಿ ರೊಟ್ಟಿಯ ಹಿಟ್ಟು. ಅಲ್ಲಿಂದ ಗೋಣಿಚೀಲ ಕಾಣುತ್ತಿತ್ತು. ಅದು ಆಗಲೇ ಒಂದು ಗಂಟೆಯಿಂದ ಕಾಣುತ್ತಿತ್ತು. ಹಂಚಿನ ಮೇಲಿರುವ ರೊಟ್ಟಿ ತೆಗೆದು ಹೋಗಿ ಚೀಲ ಎತ್ತಿಬಿಡೋಣ ಎಂದು ಪ್ರತಿ ರೊಟ್ಟಿಗೂ ಅಂದುಕೊಂಡಿದ್ದಳು. ಮಾವ ಬ್ಯಾಟರಿಯನ್ನು ಜಗಲಿಗೆ ತರಲಿಲ್ಲ. ಕೂತು ಎಲೆ ಅಡಿಕೆ ಹಾಕಲಿಲ್ಲ. ಎಡಗೈಯಲ್ಲಿ ಗೋಣಿ ಸರಿಸಿ, ಮುಖ ಬಗ್ಗಿಸಿ, ಬಲಗೈಯ ತಂತಿಯನ್ನು ತಾಕಿಸಿಯೇಬಿಟ್ಟರು. "ಮಾವ" ಎಂದು ಅವಳು ಕೂಗಿದ್ದು ಅವಳಿಗೇ ಕೇಳಿಸಲಿಲ್ಲ.

ಬ್ಯಾಟರಿ ಸಿಡಿದ ಸದ್ದಿಗೆ ಮಾಡಿನ ಹೆಂಚು ಎರಡು ಕೆಳಗೆ ಬಿದ್ದವು. ಬಾಗಿಲಲ್ಲಿದ್ದ ಮುದ್ದಪ್ಪ ಹಿಮ್ಮುಖವಾಗಿ ರಸ್ತೆಗೆ ಓಡಿದ. ಬೆನಕಪ್ಪನವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತೇ ಇದ್ದರು. ಅಂಗಿಯ ಮುಂಭಾಗ ಹೊಗೆಯಾಡುತ್ತಿತ್ತು.

ಪ್ರೇಮ ಅವರನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಕೂರಿಸಿ ಕಣ್ಣಿಗೆ ನೀರು ಸುರಿಯತೊಡಗಿದಳು. ತೀರ್ಥಮ್ಮ ಹರಳೆಣ್ಣೆಯ ಬಟ್ಟಲು ಹಿಡಿದು ಓಡಿ ಬಂದರು.

"ಸಾಕು ಬಿಡೇ, ನೀರಲ್ಲಿ ಮುಳುಗಿಸಿ ಸಾಯಿಸ್ತೀಯಾ? ಎಣ್ಣೆ ಬಿಡ್ತೀನಿ, ಉರಿ ಇಳೀತದೆ."

"ಎಣ್ಣೆ ಬೇಡ ಅತ್ತೆ."

"ನನ್ನ ಗಂಡನ ಕಣ್ಣೇ ಅದು!"

"ದಮ್ಮಯ್ಯ, ಬೇಡ. ನೀರು ಸೇದಿ ಕೊಡಿ ನನಗೆ. ಸೇದ್ತಾ ಇರಿ."

ಸೊಸೆ ಹಾಗೆ ಆಜ್ಞೆ ಮಾಡಿದ್ದು ಅದೇ ಮೊದಲು. ತೀರ್ಥಮ್ಮ ಬಟ್ಟಲನ್ನು ನೆಲಕ್ಕಿಟ್ಟು ಬಾವಿಯ ಹಗ್ಗ ಹಿಡಿದರು. ಮುದ್ದಪ್ಪ ಎಲ್ಲಿಂದಲೋ ಜೀಪು ತರುವವರೆಗೆ, ಅರ್ಧ ಗಂಟೆಗೂ ಹೆಚ್ಚು, ಅತ್ತೆ ಸೇದಿದರು, ಸೊಸೆ ಸುರಿದಳು.

ಶಿವಮೊಗ್ಗದ ಆಸ್ಪತ್ರೆಯ ಡಾಕ್ಟರು ಎಡಗಣ್ಣು ಹೋಗಿದೆ ಎಂದರು. ಬಲಗಣ್ಣು ಉಳಿದೀತೋ ಇಲ್ಲವೋ ಆರು ವಾರ ಕಳೆದ ಮೇಲೆ ಹೇಳಬಹುದು. ಅಲ್ಲಿಯವರೆಗೆ ಕಟ್ಟು, ಮೂರು ಹೊತ್ತು ಔಷಧಿ.

ಹತ್ತು ದಿನಕ್ಕೆ ಮನೆಗೆ ಕರೆತಂದರು. ನೋಡಲು ಬಂದವರಿಗೆಲ್ಲ ಮುದ್ದಪ್ಪ ಆಗಲೇ ಕಥೆ ಹೇಳಿಯಾಗಿತ್ತು: ಯಜಮಾನರಿಗೆ ವಯಸ್ಸಾಯಿತು, ಕೈ ನಡುಗಿತು, ತಂತಿ ಎಲ್ಲೋ ತಾಕಿಬಿಟ್ಟಿತು. ತೀರ್ಥಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೂಂ ಕಣ್ರೀ, ಬೇಡ ಅಂದ್ರೂ ಕೂತ್ಕೊತಾರೆ ಅಂಗಡೀಲಿ" ಅಂದರು. ಶಿವಮೂರ್ತಿ ಇಲ್ಲವೆನ್ನಲಿಲ್ಲ. ಕಟ್ಟಿನೊಳಗಿಂದ ಬೆನಕಪ್ಪನವರೂ "ಹೌದಪ್ಪ, ಕೈ ನಡುಗ್ತು" ಎಂದರು. ಅವರ ಕೈ ಎಂದೂ ನಡುಗಿದ್ದಲ್ಲ. ಸೂಜಿಗೆ ದಾರ ಪೋಣಿಸಲು ತೀರ್ಥಮ್ಮ ಅವರಿಗೇ ಕೊಡುತ್ತಿದ್ದರು.

ಬಂದವರಿಗೆ ಪ್ರೇಮ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದಳು.

ಮನೆಯಲ್ಲಿ ಒಗ್ಗರಣೆ ನಿಂತಿತು. ಎಣ್ಣೆಯಲ್ಲಿ ಸಾಸಿವೆ ಸಿಡಿದರೆ ನೀಲ ಕಿರುಚಿಕೊಂಡು ಮಂಚದಡಿ ಸೇರುತ್ತಿದ್ದಳು, ಎಳೆದರೂ ಬರುತ್ತಿರಲಿಲ್ಲ. ಎರಡು ಸಲ ಹಾಗಾದ ಮೇಲೆ ಪ್ರೇಮ ಸಾಸಿವೆಯ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು.

"ಇದೇನು ಸಾರೋ ಕಲಗಚ್ಚೋ," ಎಂದು ತೀರ್ಥಮ್ಮ ತಟ್ಟೆ ದೂಡಿದರು.

"ಮಗು ಹೆದರುತ್ತೆ ಅತ್ತೆ."

"ನಿನ್ನ ನೋಡಿ ಹೆದರುತ್ತೆ. ಇಪ್ಪತ್ನಾಲ್ಕು ಗಂಟೆ ಬಾಗಿಲಾಗೆ ನಿಂತು ಆ ಕೋಣೆ ನೋಡ್ತಾ ಇರ್ತೀಯ. ತಾಯಿ ಹಂಗೆ ಮಗಳು."

ಪ್ರೇಮ ನಿಂತು ನೋಡುತ್ತಿದ್ದುದು ನಿಜ. ಕೋಣೆ ಮತ್ತೆ ನಡೆಯುತ್ತಿತ್ತು. ಹೆಂಚು ಹೊಸದಾಗಿ ಹೊದಿಸಿ, ಶಿವಮೂರ್ತಿ ಮತ್ತೆ ತಿರುಗಣಿಯನ್ನು ಎಂಟಕ್ಕೆ ತಂದಿದ್ದ. ಈರುಳ್ಳಿ ಲಾರಿಗಳು ಸಾಲುಗಟ್ಟಿದ್ದವು. ಗೋಣಿ ಈಗ ಇರಲಿಲ್ಲ, ಮುಚ್ಚಳಗಳೂ ಬಿಚ್ಚಿರುತ್ತಿದ್ದವು. ಆದರೆ ಗಿರಾಕಿ ಅವಸರ ಮಾಡಿದರೆ ಅವನೂ ಕರೆಂಟು ಆರಿಸುವುದನ್ನು ಮರೆತು ಕ್ಲಿಪ್ಪು ಕೀಳುತ್ತಿದ್ದ. ಕಿಡಿ ಹಾರೀತೆಂದು ಕೀಳುವಾಗ ಮುಖವನ್ನು ಪೂರ್ತಿ ಆ ಕಡೆ ತಿರುಗಿಸಿ, ಕೈ ಮಾತ್ರ ಚಾಚುತ್ತಿದ್ದ. ಅವನ ಬೆನ್ನಿನ ಅಂಗಿ ಒದ್ದೆಯಾಗಿರುತ್ತಿತ್ತು. ಇವನಿಗೂ ಭಯವಿದೆ ಎಂದು ಕಂಡಾಗ ಅವಳಿಗೆ ಸಮಾಧಾನವಾಗುವ ಬದಲು ಇನ್ನೂ ದಿಗಿಲಾಯಿತು.

"ನಿಲ್ಲಿಸಿಬಿಡ್ರೀ," ಎಂದಳು ಒಂದು ಬೆಳಗ್ಗೆ, ಅವನು ಹಲ್ಲುಜ್ಜುತ್ತಿದ್ದಾಗ. "ಎರಡಕ್ಕೆ ಇಳಿಸಿ. ಹೋಗೋರು ಹೋಗಲಿ."

ಅವನು ಬಾಯಿ ಮುಕ್ಕಳಿಸಿ ಉಗಿದ. "ಇಳಿಸಿದ್ರೆ ಏನಂತಾರೆ ಗೊತ್ತಾ? ಇವನ ಚಾರ್ಜಿಂದಾನೇ ಆಯ್ತು, ಅದಕ್ಕೇ ಇಳಿಸ್ದ ಅಂತಾರೆ. ಅಪ್ಪನ ಕಣ್ಣು ತೆಗೆದ ಮಗ ಅಂತಾರೆ."

"ಅದಕ್ಕೋಸ್ಕರ ಎಂಟರಲ್ಲೇ ಇಡ್ತೀರಾ?"

"ಕೈ ನಡುಗ್ತು ಅಂತ ಅಪ್ಪನೇ ಹೇಳಿದಾರಲ್ಲ."

"ನಿಮಗೆ ಗೊತ್ತು, ಅದು ಸುಳ್ಳು ಅಂತ."

ಅವನು ಚೊಂಬನ್ನು ಕಲ್ಲಿನ ಮೇಲೆ ಕುಕ್ಕಿದ. "ನಿಂಗೂ ಗೊತ್ತಿತ್ತು ಸಿಡಿಯುತ್ತೆ ಅಂತ. ಏನಾದ್ರೂ ಆಗಬಹುದು, ಏನಾದ್ರೂ ಆಗಬಹುದು! ನೆಟ್ಟಗೆ ಹೇಳಿದ್ಯಾ ಒಂದಿನ?"

ಅವನು ಟವೆಲು ಹೆಗಲಿಗೆ ಹಾಕಿಕೊಂಡು ಹೋದ. ಆಮೇಲೆ ಎರಡು ದಿನ ಇಬ್ಬರೂ ನೀಲಳ ಮೂಲಕವೇ ಮಾತಾಡಿದರು.

ಮಾವನ ಕಣ್ಣಿಗೆ ಔಷಧಿ ಹಾಕುವವಳು ಪ್ರೇಮಳೇ. ಕಟ್ಟು ಬಿಚ್ಚಿ, ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಹನಿ ಬಿಟ್ಟು, ಮತ್ತೆ ಕಟ್ಟುವಾಗ ಅವರು ಅಲ್ಲಾಡದೆ ಕೂರುತ್ತಿದ್ದರು. ಐದನೆಯ ವಾರ ಅವಳು ಕೇಳಿದಳು.

"ಮಾವ, ಯಾಕೆ ಹಾಗೆ ಹೇಳಿದ್ರಿ, ಕೈ ನಡುಗ್ತು ಅಂತ?"

"ನಡುಗ್ತಮ್ಮ."

"ಇಲ್ಲ."

"ಇನ್ನೂ ಬಾಳಬೇಕಾದ ಹುಡುಗ ಅವನು. ನಾನು ಮುಗಿಸಿದೋನು. ನಾಲ್ಕು ಜನ ಅವನ ಕಡೆ ಬೆರಳು ತೋರಿಸ್ಬಾರದು. ಅದೂ ಅಲ್ದೆ, ಬಗ್ಗಿ ಕಿಡಿ ಹಾರಿಸಿದ್ದು ನಾನೇ ತಾನೆ? ಮಗನ್ನ ಹೀಯಾಳಿಸೋಕೆ ಹೋದೆ."

"ಅವರು ಈಗಲೂ ಎಂಟರಲ್ಲೇ ಇಡ್ತಿದಾರೆ."

ಬೆನಕಪ್ಪನವರ ಕೈ ಮಂಚದ ಪಟ್ಟಿಯನ್ನು ಹಿಡಿಯಿತು. "ಎರಡಕ್ಕೆ ಇಳಿಸಿದೀನಿ ಅಂದನಲ್ಲ ನಂಗೆ?"

"ಇಲ್ಲ ಮಾವ. ಎಂಟು."

"ಕಿಟಕಿ?"

"ತೆಗೆದಿಲ್ಲ. ಅದರ ಮುಂದೆ ಬ್ಯಾಟರಿ ಪೇರಿಸಿದಾರೆ."

ಆ ದಿನ ಮಧ್ಯಾಹ್ನ ಅವರು ಉಣ್ಣಲಿಲ್ಲ. ಸಂಜೆ ಮಗನನ್ನು ಕರೆದು ಬಾಗಿಲು ಹಾಕಿಕೊಂಡು ಏನೋ ಮಾತಾಡಿದರು. ಶಿವಮೂರ್ತಿ ಹೊರಗೆ ಬಂದವನೇ ಹೆಂಡತಿಯ ಕಡೆ ನೋಡಿದ ನೋಟಕ್ಕೆ ಅವಳ ಕೈಯಲ್ಲಿದ್ದ ಮೊರ ಜಾರಿ ಅಕ್ಕಿ ಚೆಲ್ಲಿತು. ಮಾರನೆಯ ಬೆಳಗ್ಗೆಯೂ ಗೋಡೆಯಾಚೆ ಬುಸುಗುಡುವುದು ಕೇಳುತ್ತಲೇ ಇತ್ತು. ಅವಳು ನೀಲಳ ಹಾಸಿಗೆಯನ್ನು ಸುತ್ತಿ ಹಿತ್ತಲ ಕಡೆಯ ಸೌದೆ ಕೋಣೆಗೆ ಒಯ್ದಳು. ತೀರ್ಥಮ್ಮ ನೋಡಿದರು. ಸೌದೆಯನ್ನು ಒಂದು ಮೂಲೆಗೆ ಒತ್ತರಿಸಿ ನೆಲ ಗುಡಿಸಿಕೊಟ್ಟರು.

ಆರನೆಯ ವಾರ ಶಿವಮೊಗ್ಗದಲ್ಲಿ ಬಲಗಣ್ಣಿನ ಕಟ್ಟು ಬಿಚ್ಚಿದರು. ಬೆಳಕು ಕಾಣುತ್ತದೆ, ಆಳಿನ ಆಕಾರ ಕಾಣುತ್ತದೆ, ಮುಖ ಗುರುತು ಸಿಗುವುದಿಲ್ಲ. ಇಷ್ಟಾದರೂ ಉಳಿದದ್ದು ತಕ್ಷಣ ನೀರು ಹಾಕಿದ್ದರಿಂದ ಎಂದು ಡಾಕ್ಟರು ಹೇಳಿದಾಗ ತೀರ್ಥಮ್ಮ ಸೊಸೆಯ ಕಡೆ ತಿರುಗಿ ನೋಡಿ, ಬೇಗನೆ ಬೇರೆ ಕಡೆ ನೋಡಿದರು.

ಶಿವಮೊಗ್ಗದಿಂದ ಬಂದ ಮಾರನೆಯ ದಿನ, ಹತ್ತು ಗಂಟೆಗೆ, ಮುದ್ದಪ್ಪ ಇನ್ನೊಂದು ಲಾರಿಯ ಬ್ಯಾಟರಿ ಹೊತ್ತುಕೊಂಡು ಜಗಲಿ ಹತ್ತಿದ.

"ಶಿವಣ್ಣ, ಒಂದು ಗಂಟೆಗೆ ಬೇಕು ಮಾರಾಯ. ಇವತ್ತೇ ಬೆಂಗಳೂರಿಗೆ ಲೋಡು."

"ಒಂದಕ್ಕೆ ಬನ್ನಿ. ಕೊಡ್ತೀನಿ."

ನೀಲ ಅಜ್ಜನ ಪಕ್ಕ, ಕೋಣೆಯ ಹೊಸ್ತಿಲ ಹತ್ತಿರವೇ ಕೂತು ಅವರೆಕಾಯಿ ಬಿಡಿಸುವ ಆಟ ಆಡುತ್ತಿದ್ದಳು. ಒಳಗಿನಿಂದ ನೋಡಿದ ಪ್ರೇಮ ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು. ಹೊರಗೆ ಬಂದಳು. ಕೈ ಒದ್ದೆಯಿತ್ತು, ಒರೆಸಿಕೊಳ್ಳಲಿಲ್ಲ.

"ಒಂದಕ್ಕೆ ಆಗಲ್ಲ ಮುದ್ದಪ್ಪನೋರೆ. ನಾಳೆ."

ಮುದ್ದಪ್ಪ ಶಿವಮೂರ್ತಿಯ ಮುಖ ನೋಡಿದ.

"ಒಳಗೆ ಹೋಗು," ಎಂದ ಶಿವಮೂರ್ತಿ ಮೆಲ್ಲಗೆ.

"ಒಂದಕ್ಕೆ ಕೊಡಬೇಕಾದ್ರೆ ಕುದಿಸ್ಬೇಕು. ಕುದಿಸಿದ್ರೆ ಕೋಣೆ ತುಂಬ ಹೊತ್ತಿಕೊಳ್ಳೋ ಗಾಳಿ ತುಂಬುತ್ತೆ. ಒಂದು ಕಿಡಿ ಬಿದ್ರೆ ಸಿಡಿಯುತ್ತೆ. ಆವತ್ತು ಸಿಡಿದಿದ್ದೂ ಹಾಗೇ. ಮಾವನ ಕೈ ನಡುಗಲಿಲ್ಲ."

"ಪ್ರೇಮಾ!"

"ಮುಚ್ಚಳ ಹಾಕಿತ್ತು, ಮೇಲೆ ಗೋಣಿ ಇತ್ತು. ನಾನು ಒಂದು ಗಂಟೆ ಹೊತ್ತಿಂದ ಆ ಗೋಣಿ ನೋಡ್ತಾ ಇದ್ದೆ. ರೊಟ್ಟಿ ಸೀದುಹೋಗುತ್ತೆ ಅಂತ ತೆಗೆಯೋಕೆ ಹೋಗ್ಲಿಲ್ಲ."

ಬಾಗಿಲಲ್ಲಿ ತೀರ್ಥಮ್ಮ ನಿಂತಿದ್ದರು. ಸೊಸೆಯ ಕೆನ್ನೆಗೆ ಬಾರಿಸುತ್ತಾರೇನೋ ಎನ್ನುವಂತೆ ಮುಂದೆ ಬಂದು, ಅವಳ ಪಕ್ಕದಲ್ಲೇ ನಿಂತುಬಿಟ್ಟರು.

"ಗೋಣಿ ಹಾಕಿದೋಳು ನಾನು. ಘಾಟು ಅಂತ ಹಾಕ್ದೆ. ಎಂಟು ಪಾಯಿಂಟು ಇವನದು. ಎಲ್ಲಾರೂ ಸೇರ್ಕೊಂಡು ಪಾಪ ಅವರ ಕೈ ಮೇಲೆ ಹಾಕಿದ್ವಿ," ಎಂದರು.

ಬ್ಯಾಟರಿ ಭಾರಕ್ಕೆ ಮುದ್ದಪ್ಪನ ಕುತ್ತಿಗೆಯ ನರ ಉಬ್ಬಿತ್ತು. "ಕಿಡಿ ತೋರ್ಸಿ ಅಂದೋನು ನಾನಲ್ವಾ?" ಎಂದ ಕೊನೆಗೆ. "ನಾನು ಊರೆಲ್ಲ ಸಾರ್ಕೊಂಡು ಬಂದೆ, ಯಜಮಾನ್ರ ಕೈ ನಡುಗ್ತು ಅಂತ."

ಶಿವಮೂರ್ತಿ ಕೋಣೆಯ ಬಾಗಿಲಿಗೆ ಒರಗಿ ಕುಕ್ಕರಗಾಲಲ್ಲಿ ಕೂತ. ಅವನ ಕಾಲು ತಾಗಿ ಅವರೆಕಾಯಿಯ ಬುಟ್ಟಿ ಮಗುಚಿತು. ನೀಲ ಕಾಳು ಆರಿಸತೊಡಗಿದಳು.

ಬೆನಕಪ್ಪನವರು ಕಂಬ ಹಿಡಿದು ಎದ್ದರು. ಮುದ್ದಪ್ಪನ ಆಕಾರ ಎಲ್ಲಿದೆಯೋ ಆ ಕಡೆ ಮುಖ ತಿರುಗಿಸಿದರು.

"ಮುದ್ದಪ್ಪ, ನಿನ್ನ ಲೋಡು ಕೊಳೆಯುತ್ತೆ, ನಂಗೆ ಗೊತ್ತು. ಇಲ್ಲೇ ಬಿಟ್ಟು ಹೋಗು ಅಂತ ನಾನು ಅನ್ನಲ್ಲ. ತರೀಕೆರೆಗೆ ತಗೊಂಡು ಹೋದ್ರೆ, ಅಲ್ಲಿ ಕಿಡಿ ಕೇಳ್ಬೇಡ. ಅವನಿಗೂ ಮಕ್ಕಳಿರ್ತಾರೆ."

ಮುದ್ದಪ್ಪ ಬ್ಯಾಟರಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ರಸ್ತೆ ನೋಡಿದ. ತರೀಕೆರೆಯ ಬಸ್ಸು ಸ್ಟೇಷನ್ ತಿರುವಿನಲ್ಲಿ ಹಾರನ್ನು ಹಾಕುತ್ತಿತ್ತು. ಅದು ಬಂದು, ನಿಂತು, ಒಬ್ಬ ಮುದುಕಿಯನ್ನು ಇಳಿಸಿ ಹೊರಟುಹೋಯಿತು.

ಅವನು ಬ್ಯಾಟರಿಯನ್ನು ಇಳಿಸಿದ. ಕೋಣೆಯೊಳಗಲ್ಲ, ಜಗಲಿಯ ಆ ತುದಿಗೆ, ಬೀದಿ ಗಾಳಿ ಬೀಸುವ ಕಡೆ.

"ನಾಳೆ ಬತ್ತೀನಿ," ಎಂದು ಯಾರ ಮುಖವನ್ನೂ ನೋಡದೆ ಮೆಟ್ಟಿಲು ಇಳಿದ.

ಶಿವಮೂರ್ತಿ ಎದ್ದು ಒಳಗೆ ಹೋದ. ತಿರುಗಣಿ ಕಟಕ್ ಕಟಕ್ ಎಂದು ಇಳಿಯುವುದು ಕೇಳಿಸಿತು. ಬೆನಕಪ್ಪನವರು ತಲೆ ಓರೆ ಮಾಡಿ ಬೆರಳಲ್ಲಿ ಎಣಿಸುತ್ತಿದ್ದರು. ಎಂಟರಿಂದ ಏಳು, ಆರು, ಐದು. ಎರಡರಲ್ಲಿ ನಿಂತಿತು. ಬ್ಯಾಟರಿಯನ್ನು ಒಳಗೆ ಒಯ್ಯಲು ಅವನು ಬರಲಿಲ್ಲ. ಉದ್ದನೆಯ ವಯರಿನ ಸುರುಳಿ ಹಿಡಿದು, ಅದನ್ನು ಹೊಸ್ತಿಲಿನಾಚೆ, ಜಗಲಿಯುದ್ದಕ್ಕೂ ಬಿಚ್ಚುತ್ತಾ, ಬ್ಯಾಟರಿ ಇದ್ದ ಕಡೆಗೇ ನಡೆದುಬಂದ.

ಪ್ರೇಮ ನೀಲಳ ಕೈ ಹಿಡಿದು ಎಬ್ಬಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದಳು. ಗಂಡ ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚುವುದನ್ನು, ಕ್ಲಿಪ್ಪು ಹಾಕಲು ಬಗ್ಗುವುದನ್ನು, ಈ ಸಲ ಮುಖ ತಿರುಗಿಸದೆ ತನ್ನ ಕೈಯನ್ನೇ ನೋಡುತ್ತಿರುವುದನ್ನು, ನೋಡುತ್ತಾ ನಿಂತಳು.